ಚಿತ್ರದ ಕೆಳಗೆ ತೆಗೆದವರ ಹೆಸರಿರಲಿ: ಛಾಯಾಚಿತ್ರ ಸ್ಪರ್ಧೆಗಳ ಸಂಘಟಕರಿಗೊಂದು ಬಹಿರಂಗ ಪತ್ರ

ಇವರಿಗೆ,
ಮೈಸೂರು ಮತ್ತು ಮಂಡ್ಯ ಜಿಲ್ಲೆಗಳಲ್ಲಿ ಛಾಯಾಚಿತ್ರ ಸ್ಪರ್ಧೆಗಳನ್ನೂ ಪ್ರದರ್ಶನಗಳನ್ನೂ ನಡೆಸುತ್ತಿರುವ ಇಲಾಖೆಗಳ ಅಧಿಕಾರಿಗಳು, ಉತ್ಸವ ಸಮಿತಿಗಳ ಪದಾಧಿಕಾರಿಗಳು ಹಾಗೂ ಸಂಘ ಸಂಸ್ಥೆಗಳ ಹಿರಿಯರು.

ವಿಷಯ: ಯುವ ಛಾಯಾಗ್ರಾಹಕರ ಹೆಸರು, ಹಕ್ಕು ಮತ್ತು ಅವರ ಕೆಲಸಕ್ಕೆ ಸಿಗಬೇಕಾದ ಪ್ರದರ್ಶನದ ಗೋಡೆಯ ಕುರಿತು.

ಮಾನ್ಯರೇ,

ಆಗಸ್ಟ್ 19ರ ವಿಶ್ವ ಛಾಯಾಗ್ರಹಣ ದಿನ ಹತ್ತಿರವಾಗುತ್ತಿದೆ. ಅದರ ಬೆನ್ನಿಗೇ ದಸರಾ. ಎಂದಿನಂತೆ ಈ ವರ್ಷವೂ ಮೂರು ಕಡೆಗಳಿಂದ ನನಗೆ ತೀರ್ಪುಗಾರನಾಗಿ ಬರಬೇಕೆಂಬ ಆಹ್ವಾನ ಬಂದಿದೆ. ಹನ್ನೊಂದು ವರ್ಷಗಳಿಂದ ತಪ್ಪದೆ ಆ ಮೇಜಿನ ಮುಂದೆ ಕುಳಿತು ಅಂಕ ಹಾಕಿದ ನಾನು, ಈ ಸಲ ಮೂರೂ ಕಡೆಗೆ ಬರಲಾಗುವುದಿಲ್ಲವೆಂದು ಬರೆದು ತಿಳಿಸಿದ್ದೇನೆ. ಆರೋಗ್ಯ ಹೇಗಿದೆ ಎಂದು ಕಳಕಳಿಯಿಂದ ವಿಚಾರಿಸಿದವರಿಗೆ ಕೃತಜ್ಞತೆಗಳು. ಆರೋಗ್ಯ ಚೆನ್ನಾಗಿಯೇ ಇದೆ. ಬಾರದಿರುವುದಕ್ಕೆ ಕಾರಣ ಬೇರೆ. ಅದು ಒಬ್ಬರಿಗೆ ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲವೆಂದು ಎಲ್ಲರಿಗೂ ಕಾಣುವಂತೆ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಪರಿಚಯ ಇಲ್ಲದವರಿಗಾಗಿ ಎರಡು ಮಾತು. ಮಂಡ್ಯದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಸೋದರಮಾವನ ಡಾರ್ಕ್ ರೂಮಿನಲ್ಲಿ ಹೈಪೋ ಬೆರೆಸಿ ಪ್ರಿಂಟು ತೊಳೆಯುವುದರಿಂದ ಕೆಲಸ ಕಲಿತವನು ನಾನು. ಮದುವೆ, ನಾಮಕರಣ, ಪಾಸ್‌ಪೋರ್ಟ್ ಅಳತೆಯ ಫೋಟೋ, ಶಾಲೆಯ ಗ್ರೂಪ್ ಫೋಟೋ, ಇವುಗಳಲ್ಲೇ ಮೂವತ್ತು ವರ್ಷ ಕಳೆದಿವೆ. ಅಂಗಡಿಯ ಮೇಲಿನ ಕೋಣೆಯಲ್ಲಿ ಭಾನುವಾರದ ಹೊತ್ತು ಎಂಟು ಹತ್ತು ಹುಡುಗ ಹುಡುಗಿಯರು ಸೇರುತ್ತಾರೆ. ನನಗೆ ಗೊತ್ತಿರುವುದನ್ನು ಅವರಿಗೆ ಹೇಳಿಕೊಡುತ್ತೇನೆ, ಅವರು ತಂದ ಚಿತ್ರಗಳನ್ನು ಒಟ್ಟಿಗೆ ಕುಳಿತು ನೋಡುತ್ತೇವೆ. ಮುಂದೆ ಹೇಳುವುದೆಲ್ಲ ಆ ಕೋಣೆಯಲ್ಲಿ ಮತ್ತು ತೀರ್ಪುಗಾರರ ಮೇಜಿನಲ್ಲಿ ನಾನು ಕಣ್ಣಾರೆ ಕಂಡದ್ದು.

ಮೊದಲು ಹರಿಗೋಲಿನ ಚಿತ್ರದ ಸಂಗತಿ ಹೇಳುತ್ತೇನೆ. ಭಾನುವಾರ ಬರುವ ಹುಡುಗರಲ್ಲಿ ಒಬ್ಬ ಪಾಂಡವಪುರ ತಾಲ್ಲೂಕಿನವನು. ಆಗ ಅವನಿಗೆ ಇಪ್ಪತ್ತು ವರ್ಷ. ಮದುವೆ ಸೀಸನ್ನಿನಲ್ಲಿ ದೊಡ್ಡ ಸ್ಟುಡಿಯೋದವರ ಹಿಂದೆ ಲೈಟ್ ಹಿಡಿದು ದುಡಿದ ಹಣದಲ್ಲಿ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಒಂದನ್ನು ಕೊಂಡಿದ್ದ. ಡಿಸೆಂಬರಿನಲ್ಲಿ ಕಾವೇರಿಯ ಮೇಲೆ ಮಂಜು ಕವಿದಿರುವಾಗ ಶ್ರೀರಂಗಪಟ್ಟಣದ ಹತ್ತಿರದ ಒಂದು ದಡಕ್ಕೆ ನಾಲ್ಕು ಬೆಳಗ್ಗೆ ಸತತವಾಗಿ ಹೋಗಿ ಕಾದು, ನಾಲ್ಕನೆಯ ದಿನ ಅವನೊಂದು ಚಿತ್ರ ತೆಗೆದ. ವಯಸ್ಸಾದ ಅಂಬಿಗರೊಬ್ಬರು ತಳಕ್ಕೆ ಟಾರು ಬಳಿದ ಹರಿಗೋಲನ್ನು ಬೋರಲು ಮಾಡಿ ಬೆನ್ನ ಮೇಲೆ ಹೊತ್ತು ದಡದ ಉದ್ದಕ್ಕೂ ನಡೆದು ಬರುತ್ತಿದ್ದಾರೆ. ಮುಖ ಕಾಣುವುದಿಲ್ಲ. ಕಾಣುವುದು ಹರಿಗೋಲಿನ ಕಪ್ಪು ಬೆನ್ನು, ಅದರ ಕೆಳಗೆ ಕೆಸರು ಮೆತ್ತಿದ ಎರಡು ಪಾದ, ಸುತ್ತ ಬಿಳಿ ಮಂಜು. ಆ ಚಿತ್ರದ ಬೆಲೆ ಇರುವುದು ಆ ಪಾದಗಳಲ್ಲಿ. ಹೊರೆ ಎಷ್ಟು ಭಾರವೆಂಬುದು ಹೆಬ್ಬೆರಳು ನೆಲ ಕಚ್ಚಿರುವ ರೀತಿಯಲ್ಲೇ ಗೊತ್ತಾಗುತ್ತದೆ.

ಅದನ್ನು ಅವನು ಒಂದು ಸ್ಪರ್ಧೆಗೆ ಕಳಿಸಿದ. ಯಾರು ನಡೆಸಿದ್ದೆಂದು ಇಲ್ಲಿ ಹೇಳುವುದಿಲ್ಲ, ಏಕೆಂದರೆ ಮುಂದೆ ನಡೆದದ್ದು ನಾನು ಕಂಡ ಬಹುತೇಕ ಸ್ಪರ್ಧೆಗಳಲ್ಲಿ ನಡೆಯಬಹುದಾದದ್ದೇ. ಬಹುಮಾನ ಬರಲಿಲ್ಲ, ಪ್ರಮಾಣಪತ್ರ ಬಂತು. ಮರುವರ್ಷ ಒಂದು ದಿನ ಅವನ ಗೆಳೆಯ ಫೋನ್ ಮಾಡಿ, ನಿನ್ನ ಚಿತ್ರ ಬಸ್ ನಿಲ್ದಾಣದ ಎದುರು ದೊಡ್ಡ ಫ್ಲೆಕ್ಸಿನಲ್ಲಿದೆ ಎಂದ. ಹುಡುಗನಿಗೆ ಸಂತೋಷ ತಡೆಯಲಾಗಲಿಲ್ಲ. ತಾಯಿಯನ್ನೂ ಕರೆದುಕೊಂಡು ಬಸ್ಸು ಹತ್ತಿ ಬಂದ. ದಾರಿಯಲ್ಲಿ ನನ್ನ ಅಂಗಡಿಗೂ ಬಂದು, ಸರ್ ನೀವೂ ಬನ್ನಿ ಎಂದು ಕರೆದ. ಮೂವರೂ ಹೋಗಿ ನೋಡಿದೆವು. ಬಿಳಿಯ ಮಂಜು ಅಲ್ಲಿ ಕಡುನೀಲಿಯಾಗಿತ್ತು. ಮೇಲೆ ಸ್ವಾಗತದ ಅಕ್ಷರಗಳು. ಕೆಳಗೆ ಸಾಲಾಗಿ ಏಳು ಜನರ ಭಾವಚಿತ್ರಗಳು. ಅವುಗಳಿಗೆ ಜಾಗ ಮಾಡಲು ಅಂಬಿಗರ ಪಾದಗಳನ್ನು ಕತ್ತರಿಸಿ ತೆಗೆದಿದ್ದರು. ಆ ತಾಯಿಗೆ ಓದಲು ಬರುತ್ತದೆ. ಫ್ಲೆಕ್ಸಿನ ಮೂಲೆಯಿಂದ ಮೂಲೆಗೆ, ಪ್ರಿಂಟ್ ಮಾಡಿದ ಅಂಗಡಿಯ ಫೋನ್ ನಂಬರಿನವರೆಗೂ ಓದಿ ಮುಗಿಸಿ, "ಎಲ್ಲೋ ಮಗ, ನಿನ್ ಹೆಸ್ರೇ ಇಲ್ವಲ್ಲ?" ಎಂದು ಕೇಳಿದರು. ಅವನು ಉತ್ತರ ಹೇಳಲಿಲ್ಲ. ಹೇಳಬೇಕಾದವನು ನಾನೆಂದು ನನಗನ್ನಿಸಿತು, ನನ್ನ ಹತ್ತಿರವೂ ಉತ್ತರ ಇರಲಿಲ್ಲ.

ಮರುದಿನ ಸಂಬಂಧಪಟ್ಟವರಿಗೆ ಫೋನ್ ಮಾಡಿದೆ. ಒರಟಾಗಿ ಮಾತನಾಡಿದರೆಂದು ಹೇಳಲಾರೆ. ಸಮಾಧಾನದಿಂದಲೇ, "ಸ್ಪರ್ಧೆಗೆ ಕೊಟ್ಟ ಮೇಲೆ ಫೋಟೋ ನಮ್ಮದೇ ಅಲ್ಲವೇ ಸರ್, ನಿಯಮದಲ್ಲೇ ಇದೆಯಲ್ಲ" ಎಂದರು. ನಿಯಮಾವಳಿ ತೆಗೆದು ನೋಡಿದೆ. ಹನ್ನೆರಡನೆಯ ಅಂಶವಾಗಿ ಅದು ಇತ್ತು: ಸ್ಪರ್ಧೆಗೆ ಬಂದ ಎಲ್ಲ ಚಿತ್ರಗಳ ಸಂಪೂರ್ಣ ಹಕ್ಕು ಸಂಘಟಕರದು. ಗೆದ್ದ ಮೂರು ಚಿತ್ರಗಳದ್ದಷ್ಟೇ ಅಲ್ಲ, ಬಂದ ಎಲ್ಲ ಚಿತ್ರಗಳದ್ದು. ಆ ಹಾಳೆಯನ್ನು ಹನ್ನೊಂದು ವರ್ಷಗಳಲ್ಲಿ ಎಷ್ಟೋ ಸಲ ಕೈಯಲ್ಲಿ ಹಿಡಿದಿದ್ದೇನೆ, ಆ ಸಾಲನ್ನು ಮಾತ್ರ ನಿಂತು ಓದಿರಲಿಲ್ಲ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಈ ಸಾಲು ಕಾನೂನಿಗೆ ಒಪ್ಪುವಂಥದ್ದೇ ಎಂಬುದನ್ನು ತಾವು ದಯವಿಟ್ಟು ನಿಮ್ಮ ನಿಮ್ಮ ವಕೀಲರಲ್ಲಿ ಕೇಳಿ ನೋಡಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಛಾಯಾಚಿತ್ರದ ಕರ್ತೃ ಅದನ್ನು ತೆಗೆದವನೇ. ಹಕ್ಕನ್ನು ಇನ್ನೊಬ್ಬರಿಗೆ ವಹಿಸಿಕೊಡಬೇಕಾದರೆ ಅದು ಲಿಖಿತವಾಗಿರಬೇಕು, ಕೊಡುವವನ ಸಹಿ ಇರಬೇಕು, ಯಾವ ಯಾವ ಹಕ್ಕು, ಎಷ್ಟು ಕಾಲಕ್ಕೆ ಎಂಬುದು ಕಾಣಿಸಿರಬೇಕು ಎನ್ನುತ್ತದೆ 19ನೆಯ ಕಲಮು. ಅವಧಿ ಹೇಳದೆ ಬಿಟ್ಟಿದ್ದರೆ ಅದನ್ನು ಐದು ವರ್ಷವೆಂದೇ ತಿಳಿಯಬೇಕು. ಅದಕ್ಕಿಂತ ಮುಖ್ಯವಾದದ್ದು 57ನೆಯ ಕಲಮು. ಹಕ್ಕನ್ನು ಪೂರ್ತಿ ಬಿಟ್ಟುಕೊಟ್ಟ ಮೇಲೂ, ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಅಧಿಕಾರ ಕರ್ತೃವಿನಲ್ಲೇ ಉಳಿಯುತ್ತದೆ; ತನ್ನ ಗೌರವಕ್ಕೆ ಕುಂದು ಬರುವಂತೆ ಕೃತಿಯನ್ನು ವಿರೂಪಗೊಳಿಸಿದರೆ ಆಕ್ಷೇಪಿಸುವ ಅಧಿಕಾರವೂ ಅವನಿಗಿದೆ. ಹಿಂದೆ ಛಾಯಾಚಿತ್ರಕ್ಕೆ ಪ್ರಕಟವಾದಂದಿನಿಂದ 60 ವರ್ಷವಷ್ಟೇ ರಕ್ಷಣೆ ಇತ್ತು. 2012ರ ತಿದ್ದುಪಡಿ ಬಂದ ಮೇಲೆ ಕವಿತೆಗೆ, ವರ್ಣಚಿತ್ರಕ್ಕೆ ಇರುವಂತೆಯೇ ತೆಗೆದವರ ಜೀವಿತಕಾಲ ಮತ್ತು ಅನಂತರದ 60 ವರ್ಷ ಅದಕ್ಕೂ ಇದೆ. ಸಂಸತ್ತು ಛಾಯಾಚಿತ್ರವನ್ನು ಕವಿತೆಯ ಸಾಲಿನಲ್ಲಿ ಕೂರಿಸಿರುವಾಗ ನಾವು ಅದನ್ನು ಫ್ಲೆಕ್ಸಿನ ಹಿನ್ನೆಲೆ ಮಾಡಿಕೊಂಡಿದ್ದೇವೆ. ಕವಿಗೋಷ್ಠಿಯಲ್ಲಿ ಓದಿದ ಪದ್ಯವನ್ನು ಕವಿಯ ಹೆಸರು ತೆಗೆದು, ಕೊನೆಯ ನಾಲ್ಕು ಸಾಲು ಕತ್ತರಿಸಿ ಅಚ್ಚು ಹಾಕುವ ಧೈರ್ಯ ನಮ್ಮಲ್ಲಿ ಯಾರಿಗಾದರೂ ಇದೆಯೇ?

ಹಕ್ಕಿನ ಮಾತು ಇಷ್ಟು. ಇನ್ನು ತೀರ್ಪಿನ ಮಾತಿಗೆ ಬರುತ್ತೇನೆ. ನನ್ನನ್ನು ಹೆಚ್ಚು ಕಾಡಿದ್ದು ಇದೇ.

ಎರಡು ವರ್ಷಗಳ ಹಿಂದೆ ಒಂದು ಸ್ಪರ್ಧೆಯಲ್ಲಿ ನಾವು ಮೂವರು ತೀರ್ಪುಗಾರರು ಒಂದೇ ಮಧ್ಯಾಹ್ನದಲ್ಲಿ ಆರುನೂರಕ್ಕೂ ಹೆಚ್ಚು ಚಿತ್ರಗಳನ್ನು ಪರದೆಯ ಮೇಲೆ ನೋಡಿ ಮುಗಿಸಬೇಕಿತ್ತು. ಒಂದು ಚಿತ್ರಕ್ಕೆ ಸಿಗುವುದು ಕೆಲವೇ ಸೆಕೆಂಡು. ಅವುಗಳ ನಡುವೆ ಒಂದು ಚಿತ್ರ ಬಂತು: ನಸುಕಿನ ಕತ್ತಲು, ನಾಲೆಯ ಏರಿಯ ಮೇಲೆ ಮೂವರು ಹೆಂಗಸರು, ತಿರುಗುತ್ತಿರುವ ಬಸ್ಸೊಂದರ ಬೆಳಕು ಅವರ ಮೇಲೆ ಹಾಯ್ದು ಹೋಗುತ್ತಿದೆ. ಮಧ್ಯದಲ್ಲಿರುವವಳ ಮುಖ ಅಲುಗಿ ಕಲಸಿಹೋಗಿದೆ. ಸ್ಪಷ್ಟವಾಗಿರುವುದು ಅವಳ ಕೈಯಲ್ಲಿರುವ ಸ್ಟೀಲ್ ಊಟದ ಡಬ್ಬಿಯ ಅಂಚು ಮಾತ್ರ. ಪಕ್ಕದವರು "ಶೇಕ್ ಆಗಿದೆ, ನಾಯ್ಸ್ ಬೇರೆ, ಮೊಬೈಲಿನದು" ಎಂದರು. ಚಿತ್ರ ಅಲುಗಿದ್ದೂ, ಕತ್ತಲಲ್ಲಿ ಕಾಳುಕಾಳಾಗಿದ್ದೂ ಸುಳ್ಳಲ್ಲ. ಹತ್ತಕ್ಕೆ ಅವರು ಮೂರು ಕೊಟ್ಟರು, ನಾನು ನಾಲ್ಕು ಕೊಟ್ಟೆ. ಮುಂದಿನ ಚಿತ್ರ ಬಂತು.

ಎರಡು ವಾರ ಕಳೆದು ಮದ್ದೂರು ಕಡೆಯ ಒಬ್ಬ ಹುಡುಗಿ ಪೆನ್‌ಡ್ರೈವ್ ಹಿಡಿದು ಅಂಗಡಿಗೆ ಬಂದಳು. ಪದವಿ ಎರಡನೆಯ ವರ್ಷ. ಹನ್ನೊಂದು ಚಿತ್ರಗಳಿಗೆ ನಾಲ್ಕು ಬೈ ಆರರ ಪ್ರಿಂಟು ಬೇಕಿತ್ತು. ಪ್ರಿಂಟುಗಳು ಒಂದೊಂದಾಗಿ ಹೊರಬಂದಂತೆ ಒಣಗಲೆಂದು ಕೌಂಟರಿನ ಮೇಲೆ ಹರಡುತ್ತಾ ಹೋದೆ. ಗೋಡೆಯ ಮೇಲೆ ಮಂಜುನಾಥಸ್ವಾಮಿಯ ಕ್ಯಾಲೆಂಡರು, ಅದರ ಮೊಳೆಗೇ ನೇತುಹಾಕಿದ ಗಾರ್ಮೆಂಟ್ ಕಾರ್ಖಾನೆಯ ಐಡಿ ಕಾರ್ಡು. ಬಾಚಣಿಗೆಯನ್ನು ಹಲ್ಲಿನಲ್ಲಿ ಕಚ್ಚಿ ಕೂದಲು ಕಟ್ಟಿಕೊಳ್ಳುತ್ತಿರುವ ತಾಯಿ. ಕಂಪನಿ ಬಸ್ಸಿನಲ್ಲಿ ಒಬ್ಬರ ಹೆಗಲಿಗೆ ಒಬ್ಬರು ಒರಗಿ ನಿದ್ದೆ ಹೋದ ಹೆಂಗಸರ ಸಾಲು. ಸೂಜಿ ಚುಚ್ಚಿದ ತೋರುಬೆರಳಿಗೆ ಸುತ್ತಿದ ಬಟ್ಟೆ. ನಾನು ನಾಲ್ಕು ಅಂಕ ಕೊಟ್ಟ ಚಿತ್ರ ಆರನೆಯದಾಗಿ ಬಂತು. ಕೊನೆಯದರಲ್ಲಿ ಭಾನುವಾರ, ವಾರವೆಲ್ಲ ಬೇರೆಯವರ ಅಂಗಿ ಹೊಲಿದ ಆ ತಾಯಿ ಮನೆಯ ಹಳೆಯ ಮಿಷನ್ನಿನ ಮುಂದೆ ಕುಳಿತು ಮಗಳಿಗೆ ರವಿಕೆ ಹೊಲಿಯುತ್ತಿದ್ದಾಳೆ. ಹನ್ನೊಂದನ್ನೂ ಸಾಲಾಗಿ ನೋಡಿದಾಗ, ಆರನೆಯ ಚಿತ್ರದ ಮುಖ ಏಕೆ ಕಲಸಿಹೋಗಿದೆ, ಡಬ್ಬಿ ಮಾತ್ರ ಏಕೆ ಹೊಳೆಯುತ್ತಿದೆ ಎಂಬುದು ತಾನಾಗಿ ಅರ್ಥವಾಯಿತು. ಆ ಹೊತ್ತಿನಲ್ಲಿ ಆ ಹೆಂಗಸಿನ ಮುಖ ಮನೆಯದೂ ಅಲ್ಲ, ಕಾರ್ಖಾನೆಯದೂ ಅಲ್ಲ.

ಅಂಕ ಕೊಟ್ಟವರಲ್ಲಿ ನಾನೂ ಒಬ್ಬನೆಂದು ಅವಳಿಗೆ ಹೇಳಿದೆ. ಮುಚ್ಚಿಡಬೇಕೆನ್ನಿಸಲಿಲ್ಲ. ಅವಳು ಬೇಸರಪಡದೆ, "ಪರವಾಗಿಲ್ಲ ಸರ್, ಅದೊಂದನ್ನೇ ನೋಡಿದ್ರೆ ನಂಗೂ ಹಾಗೇ ಅನ್ಸುತ್ತೆ. ವಿಭಾಗಕ್ಕೆ ಒಂದೇ ಕಳಿಸ್ಬೇಕು ಅಂತ ರೂಲ್ಸ್ ಇತ್ತಲ್ಲ" ಎಂದಳು.

ಮಾನ್ಯರೇ, ಈ ಹುಡುಗಿಯ ಒಂದು ಮಾತಿನಲ್ಲಿ ಇಂದಿನ ಛಾಯಾಗ್ರಹಣದ ತಿರುಳೇ ಇದೆ. ನಾವು ಕಲಿತ ಕಾಲದಲ್ಲಿ ಚಿತ್ರವೆಂದರೆ ಒಂದು ಚಿತ್ರ. ಒಂದೇ ಕ್ಷಣ, ಒಳ್ಳೆಯ ಬೆಳಕು, ತಪ್ಪಿಲ್ಲದ ಚೌಕಟ್ಟು. ಆ ಪರಂಪರೆಯನ್ನು ನಾನು ಕಡೆಗಣಿಸುತ್ತಿಲ್ಲ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅಂಥವರು ಮರೆಯಲ್ಲಿ ಕುಳಿತು ದಿನಗಟ್ಟಲೆ ಕಾದು ತೆಗೆದ ಪ್ರಾಣಿ ಪಕ್ಷಿಗಳ ಚಿತ್ರಗಳು, ನಮ್ಮ ಮೈಸೂರಿನ ಕೃಪಾಕರ ಸೇನಾನಿಯವರ ದುಡಿಮೆ, ಇವನ್ನು ನೋಡಿಯೇ ನಾವು ತಾಳ್ಮೆ ಎಂದರೇನೆಂದು ಕಲಿತದ್ದು. ಆದರೆ ಕಲೆ ಅಲ್ಲಿಗೇ ನಿಂತಿಲ್ಲ. ಒಂದೇ ಮನೆಯ, ಒಂದೇ ಊರಿನ, ಒಂದೇ ಬದುಕಿನ ಜೊತೆ ವರ್ಷಗಟ್ಟಲೆ ಇದ್ದು ಚಿತ್ರಗಳ ಸರಣಿಯಾಗಿ, ಪುಸ್ತಕವಾಗಿ ಕಟ್ಟುವ ಕೆಲಸ ಈಗ ಮುಂದೆ ಬಂದಿದೆ. ರಾಜಸ್ಥಾನದ ಮರುಭೂಮಿಯ ಹಳ್ಳಿಗಳ ಜೊತೆ 1999ರಿಂದ ಒಡನಾಡಿ ಚಿತ್ರ ತೆಗೆದ ಗೌರಿ ಗಿಲ್ ಅವರಿಗೆ 2023ರಲ್ಲಿ ಪ್ರಿ ಪಿಕ್ಟೆ ಎಂಬ ಅಂತರರಾಷ್ಟ್ರೀಯ ಛಾಯಾಗ್ರಹಣ ಪ್ರಶಸ್ತಿ ಬಂತು. ಪುಸ್ತಕವನ್ನೇ ಪ್ರದರ್ಶನವಾಗಿಸಿದ ದಯಾನಿತಾ ಸಿಂಗ್ ಅವರಿಗೆ 2022ರಲ್ಲಿ ಅಂಥದ್ದೇ ಹ್ಯಾಸಲ್‌ಬ್ಲಾಡ್ ಪ್ರಶಸ್ತಿ ಬಂತು. ದೂರ ಹೋಗುವುದೂ ಬೇಡ. ಬೆಂಗಳೂರಿನ ಪುಷ್ಪಮಾಲಾ ಎನ್. ಅವರು ಕ್ಲೇರ್ ಆರ್ನಿಯವರ ಜೊತೆಗೂಡಿ, ದಕ್ಷಿಣ ಭಾರತದ ಹೆಣ್ಣನ್ನು ಕ್ಯಾಲೆಂಡರುಗಳೂ ಹಳೆಯ ಫೋಟೋಗಳೂ ಹೇಗೆ ತೋರಿಸುತ್ತ ಬಂದಿವೆ ಎಂಬುದನ್ನು ತಾವೇ ವೇಷ ತೊಟ್ಟು ತೋರಿಸಿದರು. ಪೊಲೀಸ್ ಕಾನ್‌ಸ್ಟೇಬಲ್ ಆಗಿದ್ದುಕೊಂಡೇ ಕ್ಯಾಮೆರಾ ಹಿಡಿದ ಕಾಪ್ ಶಿವ, ಮೈಗೆ ಬೆಳ್ಳಿ ಬಣ್ಣ ಬಳಿದುಕೊಂಡು ಗಾಂಧಿಯ ವೇಷದಲ್ಲಿ ಊರೂರು ತಿರುಗುವ ಶಾಲಾ ಮೇಷ್ಟರೊಬ್ಬರ ಹಿಂದೆ ನಡೆದು ಒಂದು ಸರಣಿಯನ್ನೇ ಮಾಡಿದರು. ಇವರಲ್ಲಿ ಯಾರ ಕೆಲಸವೂ ನಮ್ಮ ಸ್ಪರ್ಧೆಯ ಮೊದಲ ಸುತ್ತನ್ನು ದಾಟುವುದಿಲ್ಲ. ಜನಜೀವನ, ಪ್ರಕೃತಿ, ವನ್ಯಜೀವಿ, ಪಾರಂಪರಿಕ ಕಟ್ಟಡ, ಕಪ್ಪು ಬಿಳುಪು ಎಂಬ ಐದು ಪೆಟ್ಟಿಗೆಗಳಲ್ಲಿ ಇವನ್ನು ಯಾವುದಕ್ಕೆ ಹಾಕುವುದು?

ನಾವು ಬಹುಮಾನ ಕೊಟ್ಟದ್ದಾದರೂ ಯಾವುದಕ್ಕೆ? ದೀಪಾಲಂಕಾರದ ಅರಮನೆ. ಸುಕ್ಕುಗಟ್ಟಿದ ಮುಖದ ಅಜ್ಜಿಯ ಬೊಚ್ಚುಬಾಯಿ ನಗೆ. ರಂಗನತಿಟ್ಟಿನಲ್ಲಿ ಗೂಡಿಗೆ ಕಡ್ಡಿ ತರುತ್ತಿರುವ ಕೊಕ್ಕರೆ. ಧೂಳೆಬ್ಬಿಸಿ ಓಡುವ ಕುರಿಮಂದೆಯ ಮೇಲೆ ಓರೆಯಾಗಿ ಬಿದ್ದ ಬಿಸಿಲು. ಇವೆಲ್ಲ ಚಂದವೇ. ಆದರೆ ಹನ್ನೊಂದು ವರ್ಷವೂ ಅದೇ ಅರಮನೆಗೆ ಅದೇ ಕೋನದಿಂದ ಬಹುಮಾನ ಕೊಟ್ಟರೆ, ಹನ್ನೆರಡನೆಯ ವರ್ಷ ಹದಿನೆಂಟರ ಹುಡುಗ ಆ ಕೋನದಲ್ಲೇ ಟ್ರೈಪಾಡ್ ಊರುತ್ತಾನೆ. ತನ್ನ ಮನೆಯ ಹಿತ್ತಿಲಲ್ಲಿ ನೋಡುವಂಥದ್ದೇನೂ ಇಲ್ಲವೆಂದು ಅವನಿಗೆ ಕಲಿಸಿದವರು ನಾವು.

ನೋಡುವಂಥದ್ದು ಇಲ್ಲಿ ಎಷ್ಟಿದೆ ಎಂಬುದನ್ನು ತಾವು ಬಲ್ಲಿರಿ. 2012ರಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿಯಿತು, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿಯಿತು. ಆ ಕಮಾನುಗಳ ಕೆಳಗೆ ತಲೆಮಾರುಗಳಿಂದ ಹೂವು, ವೀಳ್ಯದೆಲೆ, ಕುಂಕುಮ ಮಾರಿದವರ ಬದುಕನ್ನು ಒಳಗಿನಿಂದ ಚಿತ್ರಿಸಬೇಕಾದವರು ಯಾರು? 2023ರ ಮಾರ್ಚಿನಲ್ಲಿ ಬೆಂಗಳೂರು ಮೈಸೂರು ದಶಪಥ ಉದ್ಘಾಟನೆಯಾಯಿತು. ಊರುಗಳ ಹೊರಗಿನಿಂದಲೇ ವಾಹನಗಳು ಹೊರಟುಹೋದ ಮೇಲೆ ಹಳೆಯ ರಸ್ತೆಯ ಬದಿಯ ಹೋಟೆಲುಗಳ, ಎಳನೀರು ಅಂಗಡಿಗಳ ಗತಿ ಏನಾಯಿತು? ಭಾನುವಾರದ ನನ್ನ ಹುಡುಗರಲ್ಲಿ ಇಬ್ಬರು ಅದನ್ನೇ ಹಿಡಿದು ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ನಿಂತು ಚಿತ್ರ ತೆಗೆಯುತ್ತಿದ್ದಾರೆ. ಇನ್ನೊಬ್ಬ ಆಲೆಮನೆಗಳಲ್ಲಿ ಇರುಳು ಕಳೆಯುತ್ತಾನೆ. ಕೊಪ್ಪರಿಗೆಯ ಹಬೆಯ ನಡುವೆ ದುಡಿಯುವ, ನಮ್ಮ ಭಾಷೆ ಬಾರದ ದೂರದ ರಾಜ್ಯದ ಕೂಲಿಗಳು ಅವನಿಗೀಗ ಪರಿಚಯದವರು. 1933ರಲ್ಲಿ ಶುರುವಾದ ಸಕ್ಕರೆ ಕಾರ್ಖಾನೆಯ ಊರಾದ ಮಂಡ್ಯದಲ್ಲಿ ಇಂದು ಕಬ್ಬನ್ನು ಯಾರ ಕೈ ಅರೆಯುತ್ತಿದೆ ಎಂಬುದಕ್ಕೆ ಮುಂದೊಂದು ದಿನ ಸಾಕ್ಷಿ ಬೇಕಾದಾಗ, ಈ ಹುಡುಗನ ಹಾರ್ಡ್ ಡಿಸ್ಕಿನಲ್ಲಿ ಹುಡುಕಬೇಕಾಗುತ್ತದೆ. ಅದು ಅಲ್ಲಿಯವರೆಗೆ ಕೆಡದೆ ಉಳಿದಿದ್ದರೆ.

ನಮ್ಮ ಸೀಮೆಯಲ್ಲಿ ಕ್ಯಾಮೆರಾ ಬಹುಕಾಲ ಇನ್ನೊಬ್ಬರ ಕೈಯಲ್ಲೇ ಇತ್ತು. 1854ರ ಡಿಸೆಂಬರಿನಲ್ಲಿ ಲಿನಿಯಸ್ ಟ್ರೈಪ್ ಎಂಬ ಸೇನಾಧಿಕಾರಿ ಬೇಲೂರು, ಹಳೇಬೀಡುಗಳಿಗೆ ಕ್ಯಾಮೆರಾ ಹೊತ್ತು ಬಂದ. ಆಮೇಲೆ ಅದು ಅರಮನೆಯ ಸಮಾರಂಭಗಳಿಗೆ ಬಂತು, ಪೇಟೆಯ ಸ್ಟುಡಿಯೋಗಳಿಗೆ ಬಂತು, ನಮ್ಮಂಥ ಕಸುಬಿನವರ ಕೈಗೆ ಬಂತು. ಹೊಲದಲ್ಲಿ, ಕಾರ್ಖಾನೆಯಲ್ಲಿ ದುಡಿಯುವವರು ಯಾವಾಗಲೂ ಲೆನ್ಸಿನ ಆಚೆಗಿದ್ದವರು. ಈಗ ಮೊದಲ ಬಾರಿಗೆ ಗಾರ್ಮೆಂಟ್ ಕೆಲಸದವಳ ಮಗಳು ತನ್ನ ತಾಯಿಯನ್ನು ತಾನೇ ಚಿತ್ರಿಸುತ್ತಿದ್ದಾಳೆ, ಕೂಲಿಯವನ ಮಗ ಕೂಲಿಯನ್ನು ಚಿತ್ರಿಸುತ್ತಿದ್ದಾನೆ. ಮೊಬೈಲಿನಿಂದ ಛಾಯಾಗ್ರಹಣ ಹಾಳಾಯಿತೆಂದು ನನ್ನ ಓರಗೆಯವರು ಹೇಳುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಆದಾಯಕ್ಕೆ ಅದರಿಂದ ಪೆಟ್ಟು ಬಿದ್ದಿರುವುದು ನಿಜ. ಆದರೆ ಛಾಯಾಗ್ರಹಣಕ್ಕೆ ಹೊಸ ಕಣ್ಣುಗಳು ಸಿಕ್ಕಿರುವುದೂ ಅದರಿಂದಲೇ.

ಮೈಸೂರಿನವರು ಇದನ್ನು ಹೊರಗಿನಿಂದ ಕಲಿಯಬೇಕಾಗಿಲ್ಲ. ಛಾಯಾಪತ್ರಕರ್ತ ಟಿ.ಎಸ್. ಸತ್ಯನ್ ಅವರು 1923ರಲ್ಲಿ ಇದೇ ಊರಿನಲ್ಲಿ ಹುಟ್ಟಿ, ದೇಶವನ್ನೆಲ್ಲ ಸುತ್ತಿ, ಕೊನೆಗೆ ಇದೇ ಊರಿನಲ್ಲಿ 2009ರಲ್ಲಿ ತೀರಿಕೊಂಡರು. 1977ರಲ್ಲಿ ಪದ್ಮಶ್ರೀ ಬಂತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ನಮ್ಮ ದೇಶದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದಲ್ಲಿ ಪ್ರದರ್ಶನಗೊಂಡವು. ಸಾಧಾರಣ ಜನ ಸಾಧಾರಣ ದಿನದಲ್ಲಿ ಮಾಡುವ ಕೆಲಸವನ್ನು ಮರ್ಯಾದೆಯಿಂದ ನೋಡಿದವರು ಅವರು. ಅವರ ಚಿತ್ರಗಳ ಕೆಳಗೆ ಅವರ ಹೆಸರು ಅಚ್ಚಾಗುತ್ತಿತ್ತು, ಪತ್ರಿಕೆಗಳು ಪುಟ ಬಿಟ್ಟುಕೊಡುತ್ತಿದ್ದವು, ಅದರಿಂದ ಅವರು ಬದುಕು ಕಟ್ಟಿಕೊಂಡರು. ಇಂದಿನ ಹುಡುಗರಿಗೆ ಆ ಪುಟಗಳಿಲ್ಲ. ಇರುವುದು ಮೊಬೈಲಿನ ಪರದೆ; ಅಲ್ಲಿ ಚಿತ್ರ ಬೆಳಗ್ಗೆ ಬಂದು ಸಂಜೆಯ ಹೊತ್ತಿಗೆ ಕೆಳಗೆ ಸರಿದುಹೋಗುತ್ತದೆ. ಹಾಗಾಗಿಯೇ ತಾವು ನಡೆಸುವ ಪ್ರದರ್ಶನಗಳಿಗೆ ಹಿಂದೆಂದೂ ಇರದ ಹೊಣೆ ಬಂದಿದೆ.

ಹೊಟ್ಟೆಪಾಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮದುವೆ ಕೆಲಸ ಇರುವವರೆಗೆ ಹುಡುಗರು ಹೇಗೋ ಬದುಕುತ್ತಾರೆ. ಹುಡುಗಿಯರನ್ನು ಮನೆಯವರು ರಾತ್ರಿ ರಿಸೆಪ್ಷನ್ ಕೆಲಸಕ್ಕೆ ಕಳಿಸುವುದಿಲ್ಲವಾದ್ದರಿಂದ ಅವರಿಗೆ ಆ ದಾರಿಯೂ ಕಿರಿದು. ಹನ್ನೆರಡು ಬೈ ಹದಿನೆಂಟರ ಪ್ರಿಂಟು ಹಾಕಿಸಿ, ಮೌಂಟ್ ಮಾಡಿಸಿ, ಪ್ರವೇಶ ಶುಲ್ಕವನ್ನೂ ಕಟ್ಟಿ ಸ್ಪರ್ಧೆಗೆ ಕಳಿಸುವ ಖರ್ಚು ಅವರ ಒಂದು ದಿನದ ದುಡಿಮೆಗಿಂತ ಹೆಚ್ಚು. ಇಷ್ಟು ಹೇಳಿದರೆ ತಮಗೆ ಅರ್ಥವಾಗುತ್ತದೆ.

ಇನ್ನೊಂದು ವಿಷಯಕ್ಕೆ ಮಾತ್ರ ತಡ ಮಾಡುವಂತಿಲ್ಲ. 2023ರಲ್ಲಿ ಸೋನಿ ವಿಶ್ವ ಛಾಯಾಗ್ರಹಣ ಪ್ರಶಸ್ತಿಯ ಒಂದು ವಿಭಾಗದಲ್ಲಿ ಗೆದ್ದ ಜರ್ಮನಿಯ ಬೋರಿಸ್ ಎಲ್ಡಾಗ್ಸೆನ್, ತಾನು ಕಳಿಸಿದ್ದು ಕೃತಕ ಬುದ್ಧಿಮತ್ತೆಯಿಂದ ಮಾಡಿದ ಚಿತ್ರವೆಂದು ಹೇಳಿ ಪ್ರಶಸ್ತಿಯನ್ನು ನಿರಾಕರಿಸಿದರು. ಅಂಥ ದೊಡ್ಡ ಸ್ಪರ್ಧೆಯಲ್ಲೂ ಆ ಚಿತ್ರ ಬಹುಮಾನದವರೆಗೆ ಬಂದಿತ್ತು. ಅಂಥ ಚಿತ್ರ ಬಂದರೆ ನಮಗೆ ಇಲ್ಲಿ, ಆರುನೂರು ಚಿತ್ರಗಳ ಮಧ್ಯಾಹ್ನದಲ್ಲಿ, ಗೊತ್ತಾದೀತೇ? ಕಳೆದ ವರ್ಷ ನಮ್ಮ ಹುಡುಗನೊಬ್ಬ ನನ್ನೆದುರಿಗೇ ಮೊಬೈಲಿನಲ್ಲಿ ಎರಡು ಸಾಲು ಬರೆದು, ಹೊಂಬಿಸಿಲಿನಲ್ಲಿ ತೇಲುವ ಹರಿಗೋಲೊಂದನ್ನು ನಿಮಿಷದೊಳಗೆ ಮಾಡಿ ತೋರಿಸಿದ. ನಾವು ಇಷ್ಟು ವರ್ಷ ಮೊದಲ ಬಹುಮಾನ ಕೊಟ್ಟ ಬಗೆಯ ಚಿತ್ರವೇ ಅದು. ಆದರೆ ಮಂಜಿನಲ್ಲಿ ನಾಲ್ಕು ದಿನ ಕಾದ ಹುಡುಗನ ಅಂಬಿಗರಿಗೆ ಊರಿದೆ, ಮನೆಯಿದೆ. ಪ್ರಿಂಟು ಕೊಟ್ಟಾಗ ಅದನ್ನು ಕೈಯಲ್ಲಿ ಹಿಡಿದು, ಹರಿಗೋಲಿನ ಯಾವ ಕಡೆ ತೇಪೆ ಹಾಕಿದ್ದೆನೆಂದು ಅವರು ಬೆರಳಿಟ್ಟು ತೋರಿಸಿದ್ದರು. ಚಂದವನ್ನಷ್ಟೇ ಅಳೆಯುವ ಸ್ಪರ್ಧೆ ಇನ್ನು ಮುಂದೆ ಯಂತ್ರದ ಪಾಲಾಗುತ್ತದೆ. ಯಾರು, ಯಾರನ್ನು, ಎಷ್ಟು ದಿನ ಜೊತೆಗಿದ್ದು ತೆಗೆದರು ಎಂದು ಕೇಳುವ ಸ್ಪರ್ಧೆ ಮಾತ್ರ ನಮ್ಮ ಮಕ್ಕಳಿಗೆ ಉಳಿಯುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇದು. ಎಲ್ಲಕ್ಕಿಂತ ಮೊದಲು, ಬಂದ ಎಲ್ಲ ಚಿತ್ರಗಳ ಹಕ್ಕು ಸಂಘಟಕರದೆಂಬ ಸಾಲನ್ನು ನಿಯಮಾವಳಿಯಿಂದ ತೆಗೆಯಬೇಕು. ಗೆದ್ದ ಚಿತ್ರವನ್ನು ಪ್ರಚಾರಕ್ಕೆ ಬಳಸುವುದಾದರೆ ಎಲ್ಲಿ, ಎಷ್ಟು ಕಾಲ ಎಂಬುದನ್ನು ಬರೆದು, ಸಹಿ ಪಡೆದು, ಸಣ್ಣದಾದರೂ ಸಂಭಾವನೆ ಕೊಟ್ಟು ಬಳಸಬೇಕು. ಚಿತ್ರ ಎಲ್ಲೇ ಕಾಣಿಸಿಕೊಳ್ಳಲಿ, ಫ್ಲೆಕ್ಸಿರಲಿ, ಕೈಪಿಡಿಯಿರಲಿ, ಕ್ಯಾಲೆಂಡರಿರಲಿ, ತೆಗೆದವರ ಹೆಸರು ಓದುವಷ್ಟು ದೊಡ್ಡ ಅಕ್ಷರದಲ್ಲಿ ಅದರ ಜೊತೆಗಿರಬೇಕು. ಕತ್ತರಿಸುವ ಮುನ್ನ ಅವರನ್ನು ಒಂದು ಮಾತು ಕೇಳಬೇಕು. ಇದಕ್ಕೆ ಅನುದಾನ ಬೇಕಿಲ್ಲ, ಸಭೆಯ ಒಂದು ಠರಾವು ಸಾಕು.

ಎರಡನೆಯದಾಗಿ, ಎಂಟರಿಂದ ಹದಿನೈದು ಚಿತ್ರಗಳ ಸರಣಿಗೆ ಒಂದು ವಿಭಾಗ ತೆರೆಯಬೇಕು. ಮೊಬೈಲು, ಕ್ಯಾಮೆರಾ ಎಂಬ ಭೇದ ಅದರಲ್ಲಿ ಇರಬಾರದು. ಸರಣಿಯ ಜೊತೆ ಒಂದು ಪುಟ ಕನ್ನಡದಲ್ಲಿ ಬರೆದುಕೊಡಲಿ, ಕೊನೆಯ ಸುತ್ತಿಗೆ ಬಂದವರು ತೀರ್ಪುಗಾರರ ಎದುರು ಕುಳಿತು ಮಾತನಾಡಲಿ, ಮೂಲ ಫೈಲುಗಳನ್ನು ತೋರಿಸಲಿ. ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯಲ್ಲಿ ಕೊನೆಯ ಸುತ್ತಿನವರ ಮೂಲ ಫೈಲುಗಳನ್ನು ತರಿಸಿ ನೋಡುವ ಪದ್ಧತಿ ಇದೆ, ಅದನ್ನು ನಾವೂ ಅನುಸರಿಸಬಹುದು. ತೀರ್ಪಿಗೆ ಒಂದು ಮಧ್ಯಾಹ್ನ ಸಾಲದು, ಎರಡು ದಿನ ಬೇಕು. ತೀರ್ಪುಗಾರರಲ್ಲಿ ಒಬ್ಬರಾದರೂ ಮೂವತ್ತರ ಒಳಗಿನವರಿರಲಿ, ಒಬ್ಬರಾದರೂ ಹೆಣ್ಣುಮಕ್ಕಳಿರಲಿ. ಹನ್ನೊಂದು ವರ್ಷದಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಹೆಂಗಸೊಬ್ಬರು ಕುಳಿತದ್ದು ಒಂದೇ ಸಲ.

ಗೋಡೆಯ ವಿಷಯ. ಮೈಸೂರಿನಲ್ಲಿ ಕಲಾಮಂದಿರದ ಆವರಣದ ಗ್ಯಾಲರಿ ಇದೆ, ಛಾಯಾಚಿತ್ರಣ ಕಲಿಸುವ ಕಾವಾ ಎಂಬ ಕಲಾ ಕಾಲೇಜು ಇದೆ. ಮಂಡ್ಯದಲ್ಲಿ ಅಂಥದ್ದು ಯಾವುದೂ ನನ್ನ ಹುಡುಗರ ಕೈಗೆ ಎಟುಕಿಲ್ಲ. ಕಟ್ಟಡ ಕಟ್ಟಿಸಿ ಎಂದು ಕೇಳುತ್ತಿಲ್ಲ. 2016ರಲ್ಲಿ ಶುರುವಾದ ಚೆನ್ನೈ ಫೋಟೋ ಬಿಯೆನಾಲೆ ಎಂಬ ಛಾಯಾಚಿತ್ರ ಉತ್ಸವದವರು ರೈಲು ನಿಲ್ದಾಣ, ಉದ್ಯಾನದಂಥ ಜಾಗಗಳಲ್ಲೂ ಚಿತ್ರ ತೂಗುಹಾಕಿದರು. ನಮ್ಮಲ್ಲಿ ತಾಲ್ಲೂಕಿಗೊಂದು ಗ್ರಂಥಾಲಯವಿದೆ, ಬಸ್ ನಿಲ್ದಾಣವಿದೆ, ಸಂತೆ ಮಾಳವಿದೆ. ಹಬ್ಬದ ಸ್ವಾಗತದ ಫ್ಲೆಕ್ಸಿಗೆ ಸಿಗುವ ಜಾಗ, ಮೂರು ವಾರದ ಮಟ್ಟಿಗೆ ಒಂದು ಸರಣಿಗೂ ಸಿಗಲಿ. ಮತ್ತು ಹೀಗೆ ತೋರಿಸಿದ ಸರಣಿಗಳ ಒಂದು ಪ್ರತಿಯನ್ನು, ತೆಗೆದವರ ಹಕ್ಕು ಅವರಲ್ಲೇ ಇರುವಂತೆ, ಊರು, ತಾರೀಖು, ಹೆಸರು ಸಮೇತ ಜಿಲ್ಲಾ ಗ್ರಂಥಾಲಯದಲ್ಲಿ ಕಾಪಾಡುವ ಏರ್ಪಾಡಾಗಲಿ.

ಇವುಗಳಲ್ಲಿ ಎಲ್ಲವೂ ಈ ವರ್ಷವೇ ಆಗಲಾರದೆಂದು ನನಗೂ ತಿಳಿದಿದೆ. ಹಕ್ಕಿನ ಸಾಲನ್ನು ತೆಗೆದು, ಹೆಸರಿನ ಸಾಲನ್ನು ಸೇರಿಸಿದ ನಿಯಮಾವಳಿಯ ಪ್ರತಿ ಕೈಸೇರಿದ ದಿನವೇ ನಾನು ಬಂದು ಆ ಕುರ್ಚಿಯಲ್ಲಿ ಕೂರುತ್ತೇನೆ. ಗೌರವಧನ ಬೇಡ, ಅದನ್ನು ಹುಡುಗರ ಪ್ರಿಂಟಿನ ಖರ್ಚಿಗೆ ಸೇರಿಸಿ. ಹರಿಗೋಲಿನ ಚಿತ್ರವನ್ನು ಬಳಸಿಕೊಂಡವರು ಈ ಪತ್ರವನ್ನು ಓದುತ್ತಿದ್ದರೆ ಅವರಲ್ಲಿ ಇನ್ನೊಂದು ವಿನಂತಿ: ಅದನ್ನು ಮತ್ತೊಮ್ಮೆ ಅಚ್ಚು ಹಾಕುವ ಸಂದರ್ಭ ಬಂದರೆ ಅಂಬಿಗರ ಪಾದಗಳನ್ನು ಉಳಿಸಿ, ಕೆಳಗೆ ಹುಡುಗನ ಹೆಸರು ಹಾಕಿ. ಹೆಸರು ಬೇಕಾದರೆ ನನ್ನನ್ನು ಕೇಳಿ, ಒಂದಕ್ಷರ ತಪ್ಪದಂತೆ ಬರೆದುಕೊಡುತ್ತೇನೆ.

ಗೌರವಪೂರ್ವಕ ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಮಂಡ್ಯದ ಒಬ್ಬ ಸ್ಟುಡಿಯೋ ಛಾಯಾಗ್ರಾಹಕ